ರನ್ ಅಂದರೆ ಎಲ್ಲ ಕಡೆಗೂ ಓಡು ಸಾಕಾ?

ತೋಟದಲ್ಲಿ ಕೆಲಸ ಮಾಡುವವರಿಗಾಗಿ ಪಂಪ್‌ಸೆಟ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬಳಸುವ ಕ್ರಮವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುತ್ತಿದ್ದೇನೆ. ದೊಡ್ಡ ಕೆಲಸವಲ್ಲ. ಆದರೆ ಸಾಲುಸಾಲಿಗೂ 'ರನ್' ಬರುತ್ತದೆ, ಪ್ರತಿ ಸಲವೂ ಅದಕ್ಕೆ ಬೇರೆಯದೇ ಪದ ಬೇಕಾಗುತ್ತದೆ. ಹಾಗಾಗಿ ನಿಮ್ಮನ್ನೆಲ್ಲ ಕೇಳೋಣ ಅನ್ನಿಸಿತು.

ಕಾಲಿನ ಓಟಕ್ಕಾದರೆ ನಮ್ಮಲ್ಲಿ ಪದಗಳಿಗೆ ಬರವೇ ಇಲ್ಲ. ಕುದುರೆಯದ್ದು ನಾಗಾಲೋಟ, ಅಂದರೆ ನಾಲ್ಕು ಕಾಲಿನ ಓಟ. ಹೆದರಿ ಓಡಿದರೆ ಓಟ ಕಿತ್ತ, ಕಾಲಿಗೆ ಬುದ್ಧಿ ಹೇಳಿದ. ಸಾಲ ತೀರಿಸದೆ ಹೇಳದೆ ಕೇಳದೆ ಹೋದರೆ ಕಂಬಿ ಕಿತ್ತ. ಧಾವಿಸು ಅನ್ನೋದು ಪತ್ರಿಕೆಯಲ್ಲಿ ಚೆನ್ನಾಗಿರುತ್ತದೆ, ತೋಟಕ್ಕೆ ಆನೆ ಬಂದಾಗ ಮಾತ್ರ ಎದ್ದೆವೋ ಬಿದ್ದೆವೋ ಅಂತ ಓಡುವುದೇ ಸರಿ.

ಕಷ್ಟ ಇರುವುದು ಕಾಲಿಲ್ಲದ ವಸ್ತುಗಳಲ್ಲಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಒಂದೇ ಕ್ರಿಯಾಪದಕ್ಕೆ 645 ಅರ್ಥ ಗುರುತಿಸಿದ್ದಾರಂತೆ. ಇಂಗ್ಲಿಷ್ ಒಂದೇ ಪದಕ್ಕೆ ಎಲ್ಲವನ್ನೂ ಹೊರಿಸುತ್ತದೆ, ಕನ್ನಡ ಮೊದಲು ಯಾವ ವಸ್ತು ಅಂತ ನೋಡಿ ಆಮೇಲೆ ಪದ ಆರಿಸುತ್ತದೆ. ಕಾವೇರಿ ಹರಿಯುತ್ತಾಳೆ. ಮೈಸೂರು ಮಂಗಳೂರು ಹೆದ್ದಾರಿ ಕುಶಾಲನಗರ, ಮಡಿಕೇರಿ, ಸಂಪಾಜೆ ಮೇಲೆ ಹಾದುಹೋಗುತ್ತದೆ. ಆ ದಾರಿಯಲ್ಲಿ ಬಸ್ಸು ಓಡುತ್ತದೆ (ಕೊಡಗಿಗೆ ರೈಲಿಲ್ಲ, ಓಡಬೇಕಾದ್ದು ಬಸ್ಸೇ). ನೆಗಡಿಯಾದರೆ ಮೂಗು ಸೋರುತ್ತದೆ, ಹೊಸ ಸೀರೆ ಒಗೆದರೆ ಬಣ್ಣ ಬಿಡುತ್ತದೆ, ತಿಂಗಳ ಕೊನೆಗೆ ಸಕ್ಕರೆ ಮುಗಿಯುತ್ತದೆ. ಅಂಗಡಿ, ಶಾಲೆ, ಕೋರ್ಟಿನ ಕೇಸು ಎಲ್ಲ ನಡೆಯುತ್ತವೆ. ಚುನಾವಣೆಗೆ ಅಮೆರಿಕದವರಿಗೆ ರನ್, ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ ನಿಲ್ಲುವವರೇ. ಹಾಕಿ ಆಟ ಒಂದು ಒಕ್ಕದಲ್ಲಿ (ಕೊಡವರ ಮನೆತನದಲ್ಲಿ) 'ರನ್' ಆಗುತ್ತದೆ ಅಂತ ಇಂಗ್ಲಿಷಿನಲ್ಲಿ ಬರೆದರೆ ನಾವು ಹೇಳುವುದು 'ಅವರಿಗೆ ಅದು ರಕ್ತದಲ್ಲೇ ಬಂದಿದೆ' ಅಂತ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹರಿ ಅನ್ನುವ ಪದ ಹಳಗನ್ನಡದಲ್ಲಿ ಪರಿ. ಅದಕ್ಕೆ ಓಡು ಅನ್ನುವ ಅರ್ಥವೂ ಇತ್ತು, ನೀರಿನ ಹರಿವಿನ ಅರ್ಥವೂ ಇತ್ತು, ಅಂದರೆ ಒಂದು ಕಾಲಕ್ಕೆ ನಮ್ಮಲ್ಲೂ ಎರಡಕ್ಕೂ ಒಂದೇ ಪದ ನಡೆಯುತ್ತಿತ್ತು. ಆಮೇಲೆ ಓಡು ಕಾಲಿನ ಕಡೆಗೆ, ಹರಿ ನೀರಿನ ಕಡೆಗೆ ಬೇರೆಯಾದವು. ಹಾವು ಹರಿಯುತ್ತದೆ ಅನ್ನುವುದರಲ್ಲಿ ಹಳೆಯದರ ಜಾಡು ಇನ್ನೂ ಇದೆ ಅನ್ನಿಸುತ್ತದೆ. ಕನ್ನಡದಲ್ಲಿ ಹೀಗೆ ಹಕಾರವಾದ ಪಕಾರ ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಇವತ್ತಿಗೂ ಹಾಗೇ ಉಳಿದಿದೆ, ಹಾಲಿಗೆ ಪಾಲ್, ಹೂವಿಗೆ ಪೂ. ಕೊಡಗಿನಲ್ಲಿ ಇದ್ದು ಎರಡೂ ಮಾತು ಕೇಳುವವರಿಗೆ ಹಳಗನ್ನಡ ಅಷ್ಟೇನೂ ದೂರ ಅನ್ನಿಸುವುದಿಲ್ಲ.

ಈಗ ಯಂತ್ರಕ್ಕೆ ಬರೋಣ. ಮೋಟರ್ ಓಡುತ್ತಿದೆ ಅನ್ನುವುದು ಎಲ್ಲರ ಬಾಯಲ್ಲೂ ಇದೆ, ಅದರಲ್ಲಿ ತಕರಾರಿಲ್ಲ. ಆದರೆ 'ಡ್ರೈ ರನ್' ಅನ್ನು 'ಒಣ ಓಟ' ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತದೆ? ನಾನು 'ನೀರಿಲ್ಲದೆ ಪಂಪ್ ಓಡಿಸಬೇಡಿ, ಒಳಗಿನ ಸೀಲ್ ಸುಟ್ಟುಹೋಗುತ್ತದೆ' ಅಂತ ಬರೆದೆ. ಅದೇ 'ಡ್ರೈ ರನ್' ಪಲ್ಪರಿನ ಪುಟದಲ್ಲಿ ಬೇರೆ ಅರ್ಥಕ್ಕೆ ಬಂತು. ಅಲ್ಲಿ 'ಹಣ್ಣು ಹಾಕುವ ಮೊದಲು ಒಮ್ಮೆ ಖಾಲಿ ತಿರುಗಿಸಿ ನೋಡಿ' ಅಂತಾಯಿತು. ಒಂದರಲ್ಲಿ ಮಾಡಬೇಡಿ, ಇನ್ನೊಂದರಲ್ಲಿ ಮಾಡಿ! ಕಣ್ಣು ಮುಚ್ಚಿ ಎರಡಕ್ಕೂ ಒಂದೇ ಪದ ಹಾಕಿದ್ದರೆ ಓದಿದವರು ಪಂಪನ್ನೂ ಖಾಲಿ ಓಡಿಸಿ ನೋಡುತ್ತಿದ್ದರು. ಚಲಾಯಿಸು ಅಂತ ಬರೆಯಿರಿ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಅದು ವಾಹನಕ್ಕೆ, ಅಧಿಕಾರಕ್ಕೆ, ಮತಕ್ಕೆ ಸರಿ. ಗಾಣ ಆಡಿಸು ಅಂತೀವಲ್ಲ, ಆ ಆಡಿಸು ಪಲ್ಪರಿಗೂ ಹೊಂದುತ್ತದಾ? ನನಗೇನೋ ಹೊಂದುತ್ತದೆ ಅನ್ನಿಸುತ್ತದೆ, ಬಳಸಿದವರು ಇದ್ದರೆ ಹೇಳಿ.

ಇನ್ನೊಂದು ಕರಿಮೆಣಸಿನದ್ದು. ಬಳ್ಳಿಯ ಬುಡದಿಂದ ಹೊರಟು ನೆಲದ ಮೇಲೆ ಸಾಗುವ ಕುಡಿಗೆ ಇಂಗ್ಲಿಷಿನಲ್ಲಿ ರನ್ನರ್ ಅಂತಾರೆ. ಸಸಿ ಮಾಡುವುದು ಜಾಸ್ತಿ ಅದರಿಂದಲೇ. ಫೆಬ್ರವರಿ ಮಾರ್ಚಿನಲ್ಲಿ ಕತ್ತರಿಸಿ, ಎಲೆ ಸವರಿ, ಎರಡು ಮೂರು ಗೆಣ್ಣಿನ ತುಂಡು ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ನೆಡುತ್ತಾರೆ. ಇದನ್ನು 'ಓಡುಬಳ್ಳಿ' ಅಂತ ಬರೆಯುವುದು ನನಗೆ ಸರಿಕಾಣದು. ಬಳ್ಳಿ ಓಡುವುದಿಲ್ಲ, ಹಬ್ಬುತ್ತದೆ. ಹಬ್ಬುಬಳ್ಳಿ ಅಂದರೆ ಕೇಳಿದ ಕೂಡಲೇ ತಿಳಿಯುತ್ತದೆ ಅಲ್ವಾ? ಆದರೆ ಮರದ ಮೇಲೆ ಹಬ್ಬುವ ಬಳ್ಳಿಯೂ ಹಬ್ಬುವುದೇ ಆದ್ದರಿಂದ ನೆಲದ್ದು ಯಾವುದು, ಮರದ್ದು ಯಾವುದು ಅನ್ನುವ ಗೊಂದಲ ಉಳಿಯುತ್ತದೆ. ಸೋಮವಾರಪೇಟೆ ಕಡೆಯವರು, ಸಕಲೇಶಪುರ, ಶಿರಸಿ ಕಡೆಯವರು ಈ ನೆಲದ ಕುಡಿಗೆ ಏನಂತೀರಿ? ಮನೆಯಲ್ಲಿ ಹಿರಿಯರು ಬಳಸುವ ಪದ ಇದ್ದರೆ ಅದನ್ನೇ ಬರೆಯಿರಿ, ಅದನ್ನೇ ಹಾಕುತ್ತೇನೆ.