ಇನ್‌ಡಿಸೈನ್: ಫೋಟೋ ಪುಟದಲ್ಲಿ ವಾಟರ್‌ಮಾರ್ಕ್ ಕಾಣುತ್ತಿಲ್ಲ, ಬರಹದ ಪುಟದಲ್ಲಿ ಅಕ್ಷರ ದಪ್ಪ

ಶಾಲ್ಮಲಾ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಹೈಸ್ಕೂಲಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಮಾಡುತ್ತಿದ್ದೇನೆ. ಎ4 ಅಳತೆ, ಎದುರುಬದುರು ಪುಟ, ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ 2023, ಫಾಂಟ್ ನೋಟೋ ಸೆರಿಫ್ ಕನ್ನಡ. ಸಮಿತಿಯವರಿಗೆ ಪ್ರೂಫ್ ಪಿಡಿಎಫ್ ಕಳಿಸಬೇಕು. ಅದೇ ಫೈನಲ್ ಅಂದುಕೊಂಡು ಯಾರೂ ವಾಟ್ಸಾಪಿನಲ್ಲಿ ಹಂಚದಿರಲಿ ಅಂತ ಪ್ರತಿ ಪುಟಕ್ಕೂ ಓರೆಯಾಗಿ ‘ಕರಡು ಪ್ರತಿ’ ಎಂಬ ವಾಟರ್‌ಮಾರ್ಕ್ ಹಾಕಿದ್ದೇನೆ. ಎ-ಪೇರೆಂಟ್ ಪುಟದಲ್ಲಿ (ಇದರಲ್ಲಿಟ್ಟದ್ದು ಹಲವು ಪುಟಗಳಲ್ಲಿ ತಾನಾಗಿ ಬರುವ ಮಾದರಿ ಪುಟ) ಟೆಕ್ಸ್ಟ್ ಫ್ರೇಮ್ ಇಟ್ಟು, ಕಪ್ಪು ಬಣ್ಣ, ಒಪ್ಯಾಸಿಟಿ (ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) 15%.

ತೊಂದರೆ ಮೂರು. ಫೋಟೋ ಇರುವ ಪುಟ ಮತ್ತು ಜಾಹೀರಾತಿನ ಪುಟಗಳಲ್ಲಿ ವಾಟರ್‌ಮಾರ್ಕ್ ಕಾಣುವುದೇ ಇಲ್ಲ. ‘ಪ್ರತಿ’ಯಲ್ಲಿ ಒತ್ತು ಕೂಡುತ್ತಿಲ್ಲ, ಪ ಪಕ್ಕದಲ್ಲಿ ರ ಬಿಡಿಯಾಗಿ ನಿಲ್ಲುತ್ತದೆ. ಒಳಗಿನ ಲೇಖನಗಳಲ್ಲಿ ಮಾತ್ರ ಒತ್ತು ಸರಿಯಾಗಿದೆ! ಇನ್ನೊಂದು, ಲೇಸರ್ ಪ್ರಿಂಟ್ ತೆಗೆದರೆ ಪುಟದ ನಡುವೆ ಓರೆಯಾಗಿ ಒಂದು ಪಟ್ಟಿಯಷ್ಟು ಅಕ್ಷರ ದಪ್ಪಗೆ ಬರುತ್ತದೆ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಅಚ್ಚುಮೊಳೆ:
ಮೇಡಂ, ಮೂರಕ್ಕೂ ಕಾರಣ ಬೇರೆ ಬೇರೆ. ಸುಲಭದ್ದು ಮೊದಲು ನೋಡೋಣ.

ಒತ್ತಿನ ತೊಂದರೆ ಕಂಪೋಸರ್‌ನದು, ಅಂದರೆ ಅಕ್ಷರಗಳನ್ನು ಜೋಡಿಸುವ ವ್ಯವಸ್ಥೆಯದು. ಲೇಖನಗಳಿಗೆ ನೀವು ಹಚ್ಚಿರುವ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಇರಬೇಕು, ಅದಕ್ಕೇ ಅಲ್ಲಿ ಸರಿಯಾಗಿದೆ. ಹೊಸ ಫ್ರೇಮ್ ಎಳೆದು ಟೈಪ್ ಮಾಡಿದರೆ ಅದು ಬೇಸಿಕ್ ಪ್ಯಾರಾಗ್ರಾಫ್ ಸ್ಟೈಲ್ ಹಿಡಿಯುತ್ತದೆ, ಅದರಲ್ಲಿ ಮಾಮೂಲಿ ಕಂಪೋಸರ್. ವಾಟರ್‌ಮಾರ್ಕ್ ಅಕ್ಷರಗಳನ್ನು ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ‘ಅಡೋಬ್ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಒತ್ತು ಕೂಡಿಕೊಳ್ಳುತ್ತದೆ. ಯಾವ ಫೈಲೂ ತೆರೆಯದೆ ಪ್ರಿಫರೆನ್ಸಸ್‌ನ ಅಡ್ವಾನ್ಸ್ಡ್ ಟೈಪ್‌ಗೆ ಹೋಗಿ ಡಿಫಾಲ್ಟ್ ಕಂಪೋಸರ್ ಬದಲಿಸಿಬಿಟ್ಟರೆ ಮುಂದಿನ ಹೊಸ ಫೈಲ್‌ಗಳಿಗೂ ನಿಶ್ಚಿಂತೆ.

ಫೋಟೋ ಪುಟದ ವಿಷಯ: ಒಂದೇ ಲೇಯರ್‌ನಲ್ಲಿ (ಪದರದಲ್ಲಿ) ಪೇರೆಂಟ್ ಪುಟದ ವಸ್ತುಗಳು ಯಾವಾಗಲೂ ಪುಟದ ವಸ್ತುಗಳ ಕೆಳಗೇ ಇರುತ್ತವೆ. ಪೇರೆಂಟ್‌ನಲ್ಲಿ ಎಷ್ಟು ಸಲ ‘ಬ್ರಿಂಗ್ ಟು ಫ್ರಂಟ್’ ಒತ್ತಿದರೂ ಪ್ರಯೋಜನವಿಲ್ಲ. ಫೋಟೋ ಅದನ್ನು ಮುಚ್ಚುತ್ತದೆ. ಬಿಳಿ ಬಣ್ಣ ತುಂಬಿದ ಬಾಕ್ಸ್ ಇದ್ದರೂ ಅಷ್ಟೇ. ಎಫ್7 ಒತ್ತಿ ಲೇಯರ್ಸ್ ಪ್ಯಾನೆಲ್ ತೆರೆಯಿರಿ. ಹೊಸ ಲೇಯರ್ ಮಾಡಿ, ‘ಕರಡು’ ಅಂತ ಹೆಸರಿಡಿ, ಎಲ್ಲಕ್ಕಿಂತ ಮೇಲೆ ಎಳೆಯಿರಿ. ಪೇರೆಂಟ್ ಪುಟದಲ್ಲಿರುವ ವಾಟರ್‌ಮಾರ್ಕನ್ನು ಕಟ್ ಮಾಡಿ ಈ ಲೇಯರ್‌ಗೆ ಪೇಸ್ಟ್ ಇನ್ ಪ್ಲೇಸ್ ಮಾಡಿ. ಎದುರುಬದುರು ಪುಟ ಅಲ್ವಾ, ಎಡಕ್ಕೂ ಬಲಕ್ಕೂ ಒಂದೊಂದು ಬೇಕು. ಆಮೇಲೆ ಲೇಯರ್‌ಗೆ ಬೀಗ ಹಾಕಿ.

ಇನ್ನು ಎರಡು ಪ್ರಶ್ನೆ. ಜಾಹೀರಾತಿನ ಪುಟಗಳಿಗೆ ಬೇರೆ ಪೇರೆಂಟ್ ಇದೆಯಾ? ಪಿಡಿಎಫ್ ಮಾಡುವಾಗ ಯಾವ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಆರಿಸುತ್ತೀರಿ?

ಶಾಲ್ಮಲಾ:
ಒತ್ತು ಸರಿಯಾಯಿತು, ಫೋಟೋ ಮೇಲೂ ವಾಟರ್‌ಮಾರ್ಕ್ ಬಂತು. ತುಂಬಾ ಧನ್ಯವಾದ ಸರ್. ಜಾಹೀರಾತಿಗೆ ಬಿ-ಪೇರೆಂಟ್ ಇದೆ, ಪುಟಸಂಖ್ಯೆ ಬೇಡ ಅಂತ. ಪ್ರಿಸೆಟ್ ಪಿಡಿಎಫ್/ಎಕ್ಸ್-1ಎ. ಪ್ರೆಸ್‌ನವರು ಹೇಳಿದ್ದು ಅದನ್ನೇ. ಈಗ ಹೊಸ ಸಂಗತಿ: ಹಳೆಯ ಕಪ್ಪು-ಬಿಳುಪು ಗ್ರೂಪ್ ಫೋಟೋಗಳ ಮೇಲೆ ವಾಟರ್‌ಮಾರ್ಕ್ ಇದ್ದೂ ಇಲ್ಲದ ಹಾಗೆ.

ಅಚ್ಚುಮೊಳೆ:
ಸಿಕ್ಕಿತು. ದಪ್ಪ ಅಕ್ಷರಕ್ಕೆ ಕಾರಣ ಎಕ್ಸ್-1ಎ.

ಎಕ್ಸ್-1ಎ ಅಂದರೆ ಮುದ್ರಣಕ್ಕೆಂದೇ ಇರುವ ಪಿಡಿಎಫ್ ಮಾದರಿ, ಅದರೊಳಗೆ ಪಾರದರ್ಶಕತೆಗೆ ಜಾಗವಿಲ್ಲ. ಒಪ್ಯಾಸಿಟಿ 15% ಅಂತ ನೀವು ಕೊಟ್ಟದ್ದನ್ನು ಇನ್‌ಡಿಸೈನ್ ಎಕ್ಸ್‌ಪೋರ್ಟ್ ಮಾಡುವಾಗಲೇ ಕರಗಿಸಿ, ಕೆಳಗಿನ ವಸ್ತುವಿನ ಜೊತೆ ಒಂದು ಮಾಡುತ್ತದೆ. ಇದೇ ಫ್ಲಾಟನಿಂಗ್. ಹಾಗೆ ಮಾಡುವಾಗ ವಾಟರ್‌ಮಾರ್ಕ್ ತಗುಲಿದ ಕಡೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಗೆರೆಯ ಆಕಾರ ಆಗಿಬಿಡುತ್ತದೆ. ಸಣ್ಣ ಅಳತೆಯಲ್ಲಿ ಅಕ್ಷರವನ್ನು ತಿದ್ದಿ ತೆಳ್ಳಗೆ ತೋರಿಸುವ ಸೂಚನೆಗಳು ಫಾಂಟ್‌ನಲ್ಲಿ ಇರುತ್ತವಲ್ಲ, ಅವು ಕಳೆದುಹೋಗುತ್ತವೆ. 600 ಡಿಪಿಐ ಲೇಸರ್‌ನಲ್ಲಿ ಅದು ದಪ್ಪಗೆ ಕಾಣುತ್ತದೆ. ಆಫ್‌ಸೆಟ್ ಪ್ಲೇಟ್‌ನ 2400 ಡಿಪಿಐಯಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ. ನಿಮ್ಮ ಪ್ರಿಂಟ್‌ನಲ್ಲಿ ಓರೆ ಪಟ್ಟಿ ಮಾತ್ರ ದಪ್ಪ ಬಂದದ್ದು ಇದಕ್ಕೇ.

ಪಾರದರ್ಶಕತೆ ಪಿಡಿಎಫ್‌ಗೆ ಬಂದದ್ದು 2001ರ 1.4 ಆವೃತ್ತಿಯಿಂದ. ಪ್ರೂಫ್‌ಗೆ ಎಕ್ಸ್-1ಎ ಬೇಕಾಗಿಯೇ ಇಲ್ಲ. ‘ಹೈ ಕ್ವಾಲಿಟಿ ಪ್ರಿಂಟ್’ ಪ್ರಿಸೆಟ್ ಆರಿಸಿ, ಅದು 1.4. ಫೈನಲ್‌ನಲ್ಲಿ ವಾಟರ್‌ಮಾರ್ಕೇ ಇರುವುದಿಲ್ಲವಾದ್ದರಿಂದ ಪ್ರೆಸ್‌ನವರಿಗೆ ಎಕ್ಸ್-1ಎ ಕೊಡಲು ಅದು ಅಡ್ಡಿಯಲ್ಲ. ಶಾಲೆಯ ಲಾಂಛನವನ್ನೋ ಇನ್ನೇನನ್ನೋ ಮಸುಕಾಗಿ ಫೈನಲ್‌ನಲ್ಲೂ ಉಳಿಸುವುದಾದರೆ ಪಾರದರ್ಶಕತೆಗೆ ಜಾಗವಿರುವ ಎಕ್ಸ್-4 ತೆಗೆದುಕೊಳ್ಳುತ್ತೀರಾ ಅಂತ ಪ್ರೆಸ್‌ನಲ್ಲಿ ಕೇಳಿ. ಇಲ್ಲ ಅಂದರೆ ಲಾಂಛನವನ್ನು ಎಲ್ಲಕ್ಕಿಂತ ಕೆಳಗಿನ ಲೇಯರ್‌ನಲ್ಲಿಟ್ಟು, ಒಪ್ಯಾಸಿಟಿ ಬಿಟ್ಟು 10% ಟಿಂಟ್ (ಬಣ್ಣದ ತಿಳಿ ಛಾಯೆ) ಕೊಡಿ. ಅಲ್ಲಿ ಪಾರದರ್ಶಕತೆಯೇ ಇಲ್ಲ, ಫ್ಲಾಟನಿಂಗ್ ಪ್ರಶ್ನೆಯೂ ಇಲ್ಲ.

ಕಪ್ಪು ಫೋಟೋ ಮೇಲೆ ಕಪ್ಪು ಅಕ್ಷರ ಹೇಗೆ ಕಾಣುತ್ತದೆ ಹೇಳಿ! ಅಕ್ಷರದ ಬಣ್ಣವನ್ನು ಕಪ್ಪಿನ 50% ಟಿಂಟ್ ಮಾಡಿ, ಒಪ್ಯಾಸಿಟಿ 30%, ಬ್ಲೆಂಡಿಂಗ್ ನಾರ್ಮಲ್. ಮಲ್ಟಿಪ್ಲೈ ಬೇಡ, ಅದು ಇನ್ನಷ್ಟು ಕಪ್ಪು ಮಾಡುತ್ತದೆ ಅಷ್ಟೇ. ಹೀಗೆ ಮಾಡಿದರೆ ಬಿಳಿ ಕಾಗದದ ಮೇಲೆ 15% ಬೂದು, ಅಂದರೆ ಮೊದಲಿನಷ್ಟೇ. ಅಚ್ಚ ಕಪ್ಪಿನ ಮೇಲೆ 85%ಕ್ಕೆ ಇಳಿಯುತ್ತದೆ, ಅಷ್ಟು ಸಾಕು ಕಣ್ಣಿಗೆ.

ಬಿ-ಪೇರೆಂಟ್‌ಗೆ ವಾಟರ್‌ಮಾರ್ಕನ್ನು ಮತ್ತೆ ಹಾಕಬೇಡಿ. ವಾಟರ್‌ಮಾರ್ಕ್ ಮಾತ್ರ ಇರುವ ಒಂದು ಪೇರೆಂಟ್ ಮಾಡಿ, ಎ ಮತ್ತು ಬಿ ಎರಡರ ಆಪ್ಷನ್ಸ್‌ನಲ್ಲೂ ‘ಬೇಸ್ಡ್ ಆನ್’ ಎದುರು ಅದನ್ನು ಆರಿಸಿ. ಎ-ಯಲ್ಲಿ ಮೊದಲೇ ಇರುವುದನ್ನು ಅಳಿಸಿ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ. ಪೇರೆಂಟ್ ‘ನನ್’ ಇರುವ ಪುಟಗಳು ಮಾತ್ರ ತಪ್ಪಿಸಿಕೊಳ್ಳುತ್ತವೆ, ಪೇಜಸ್ ಪ್ಯಾನೆಲ್‌ನಲ್ಲಿ ಒಮ್ಮೆ ಕಣ್ಣಾಡಿಸಿ.

ಕರಡುತಿದ್ದು:
ನಾನು ಪ್ರೂಫ್ ಓದುವವಳು, ನನ್ನದೊಂದು ಕೋರಿಕೆ. ದಯವಿಟ್ಟು 15%ಕ್ಕಿಂತ ಜಾಸ್ತಿ ಬೂದು ಬೇಡ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು. 11 ಪಾಯಿಂಟ್ ಅಕ್ಷರದ ಮೇಲೆ ಗಾಢ ಬೂದು ಹಾದುಹೋದರೆ ಆ ಸೀಳು ಕಾಣುವುದೇ ಇಲ್ಲ. ಸಣ್ಣ ಒತ್ತುಗಳ ಗತಿಯೂ ಅದೇ. ಪ್ರೂಫ್ ಕಳಿಸುವುದೇ ತಪ್ಪು ಹುಡುಕಲಿ ಅಂತ, ತಪ್ಪು ಕಾಣದಂತೆ ಮಾಡಿದರೆ ಏನು ಬಂತು? ಒಂದೇ ಸಾಲು ದೊಡ್ಡದಾಗಿ ಕೋನದಿಂದ ಕೋನಕ್ಕೆ ಇರಲಿ. ಎ4ಗೆ 55 ಡಿಗ್ರಿ ತಿರುಗಿಸಿದರೆ ಸರಿಯಾಗಿ ಕೂರುತ್ತದೆ. ಪುಟದ ತುಂಬಾ ಸಣ್ಣ ಸಣ್ಣದಾಗಿ ಹತ್ತಾರು ಸಲ ಹಾಕುವವರಿದ್ದಾರೆ, ಓದುವವರ ಪ್ರಾಣ ಹೋಗುತ್ತದೆ.

ಹಳ್ಳಿಮುದ್ರಣ:
ಇಷ್ಟೆಲ್ಲ ಯಾಕೆ? ಪಿಡಿಎಫ್ ಆದ ಮೇಲೆ ಅಕ್ರೊಬ್ಯಾಟ್ ಪ್ರೊನಲ್ಲೇ ವಾಟರ್‌ಮಾರ್ಕ್ ಹಾಕಬಹುದಲ್ಲ. ಇನ್ನೊಂದು, ನಮ್ಮಲ್ಲಿ ಇನ್ನೂ ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7, ಜೊತೆಗೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್. ಅದರಲ್ಲಿ ಹೇಗೆ ಮಾಡುವುದು?

ಅಚ್ಚುಮೊಳೆ:
ಹಾಕಬಹುದು ಸರ್, ಒಮ್ಮೆಗೆ ಅದು ಬೇಗ. ಆದರೆ ಪ್ರತಿ ಪ್ರೂಫ್‌ಗೂ ಮತ್ತೆ ಹಾಕಬೇಕು. ಅದೇ ಮೆನುವಿನಲ್ಲಿ ‘ರಿಮೂವ್’ ಕೂಡ ಇದೆ, ಅಕ್ರೊಬ್ಯಾಟ್ ಇದ್ದವರು ತೆಗೆದುಹಾಕಬಹುದು. ಹಾಗೆ ನೋಡಿದರೆ ಇನ್‌ಡಿಸೈನ್‌ನಲ್ಲಿ ಹಾಕಿದ್ದನ್ನೂ ಪಿಡಿಎಫ್ ಎಡಿಟ್ ಮಾಡಬಲ್ಲವರು ತೆಗೆಯಬಹುದು. ವಾಟರ್‌ಮಾರ್ಕ್ ಒಂದು ಸೂಚನೆ, ಬೀಗ ಅಲ್ಲ. ಫೋಟೋಗಳ ಚಿಂತೆ ಇದ್ದರೆ ಪ್ರೂಫ್ ಪಿಡಿಎಫ್‌ನಲ್ಲಿ ಚಿತ್ರಗಳನ್ನು 100 ಪಿಪಿಐಗೆ ಇಳಿಸಿ. ಫೋನಿನಲ್ಲಿ ಓದಲು ಸಾಕು, ಅಚ್ಚಿಗೆ ಯಾರೂ ಬಳಸಲಾರರು. ಫೈಲ್ ಗಾತ್ರವೂ ಕಡಿಮೆ.

ಪೇಜ್‌ಮೇಕರ್‌ನಲ್ಲಿ ಪಾರದರ್ಶಕತೆ ಅನ್ನುವುದೇ ಇಲ್ಲ. ಮಾಸ್ಟರ್ ಪುಟದಲ್ಲಿ ಅಕ್ಷರ ಬರೆದು, ಕಪ್ಪಿನ 10% ಟಿಂಟ್ ಕೊಟ್ಟು, ಕಂಟ್ರೋಲ್ ಪ್ಯಾಲೆಟ್‌ನಲ್ಲಿ ತಿರುಗಿಸಿ. ಬರಹದ ಹಿಂದೆ ಚೆನ್ನಾಗಿ ಕೂರುತ್ತದೆ. ಯೂನಿಕೋಡ್ ಕನ್ನಡವನ್ನು ಅಲ್ಲಿ ಪೇಸ್ಟ್ ಮಾಡಬೇಡಿ, ನುಡಿಯಲ್ಲೇ ಟೈಪ್ ಮಾಡಿ. ಫೋಟೋ ಪುಟಗಳಿಗೆ ಪಿಡಿಎಫ್ ಆದ ಮೇಲೆ ಅಕ್ರೊಬ್ಯಾಟೇ ದಾರಿ.

ಮುಕ್ತಪುಟ:
ಉಚಿತ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್ ಬಳಸುವವರಿಗೂ ಎರಡು ಮಾತು. ಅಲ್ಲೂ ಮೇಲಿನ ಲೇಯರ್ ಉಪಾಯವೇ ನಡೆಯುತ್ತದೆ, ಎಫ್6 ಒತ್ತಿದರೆ ಲೇಯರ್ಸ್ ಬರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಪಿಡಿಎಫ್ 1.3 ಆರಿಸಿದರೆ ಪಾರದರ್ಶಕತೆ ಉಳಿಯುವುದಿಲ್ಲ, ವಾಟರ್‌ಮಾರ್ಕ್ ಗಾಢವಾಗಿ ಬಂದು ಬರಹವನ್ನೇ ಮುಚ್ಚುತ್ತದೆ. 1.4 ಅಥವಾ ಅದಕ್ಕಿಂತ ಮೇಲಿನದು ಇರಲಿ. 1.4 ಸರಣಿಯ ಹಳೆಯ ಸ್ಕ್ರೈಬಸ್‌ನಲ್ಲಿ ಕನ್ನಡ ಒತ್ತುಗಳು ಕೂಡುವುದಿಲ್ಲ. 2017ರ 1.5.3ರಿಂದ ಆ ಸೌಲಭ್ಯ ಬಂತು. ಈಗ 1.6 ಇದೆ, ಅದನ್ನೇ ಹಾಕಿಕೊಳ್ಳಿ. ಇಲ್ಲಿ ಆವೃತ್ತಿಯ 1.4 ಬೇರೆ, ಪಿಡಿಎಫ್‌ನ 1.4 ಬೇರೆ.

ಶಾಲ್ಮಲಾ:
ಎಲ್ಲ ಪುಟಗಳಲ್ಲೂ ಬಂತು. ಗ್ರೂಪ್ ಫೋಟೋಗಳ ಮೇಲೆ ಹದವಾಗಿ ಕಾಣುತ್ತಿದೆ, ಪ್ರಿಂಟ್‌ನಲ್ಲಿ ದಪ್ಪ ಪಟ್ಟಿ ಹೋಯಿತು. ಕರಡುತಿದ್ದು ಮೇಡಂ ಹೇಳಿದಂತೆ ಒಂದೇ ಸಾಲು, 55 ಡಿಗ್ರಿ. ಕೊನೆಯ ಪ್ರಶ್ನೆ: ಫೈನಲ್ ಕೊಡುವಾಗ ಆ ಲೇಯರ್ ಡಿಲೀಟ್ ಮಾಡಬೇಕಾ?

ಅಚ್ಚುಮೊಳೆ:
ಬೇಡ, ಮರುಮುದ್ರಣ ಬಂದರೆ ಮತ್ತೆ ಬೇಕಾಗುತ್ತದೆ. ಲೇಯರ್ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಪ್ರಿಂಟ್ ಲೇಯರ್’ ಗುರುತು ತೆಗೆಯಿರಿ. ಎಕ್ಸ್‌ಪೋರ್ಟ್ ಬಾಕ್ಸಿನಲ್ಲಿ ‘ಎಕ್ಸ್‌ಪೋರ್ಟ್ ಲೇಯರ್ಸ್’ ಎದುರು ‘ವಿಸಿಬಲ್ ಅಂಡ್ ಪ್ರಿಂಟಬಲ್’ ಇರಲಿ. ಅಲ್ಲಿ ‘ಆಲ್ ಲೇಯರ್ಸ್’ ಇದ್ದರೆ ಕಣ್ಣಿನ ಗುರುತು ತೆಗೆದಿದ್ದರೂ ವಾಟರ್‌ಮಾರ್ಕ್ ಬಂದುಬಿಡುತ್ತದೆ. ಪ್ರೆಸ್‌ಗೆ ಕಳಿಸುವ ಮುಂಚೆ ಪಿಡಿಎಫ್ ತೆರೆದು ಒಂದು ಬರಹದ ಪುಟ, ಒಂದು ಫೋಟೋ ಪುಟ, ಒಂದು ಜಾಹೀರಾತು ನೋಡಿಬಿಡಿ.