ಹ್ಯಾಂಗ್ ಆದ ಪ್ರೋಗ್ರಾಂ ಎಂಡ್ ಟಾಸ್ಕ್ ಕೊಟ್ಟರೂ ಮುಚ್ಚುತ್ತಿಲ್ಲ: ಅನುಭವ ಇರುವವರು ದಯವಿಟ್ಟು ತಿಳಿಸಿ

ಪ್ರಶ್ನೆ: ಡಿಟಿಪಿ ಅಂಗಡಿ, ಗುತ್ತಲು ರಸ್ತೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಲಗ್ನಪತ್ರಿಕೆ, ಕರಪತ್ರಗಳ ಡಿಟಿಪಿ ಮಾಡಿಕೊಂಡಿದ್ದೇನೆ. ಎರಡು ವಾರಗಳಿಂದ ಪುಟವಿನ್ಯಾಸದ ಪ್ರೋಗ್ರಾಂ ದಿನಕ್ಕೆ ನಾಲ್ಕೈದು ಬಾರಿ ನಿಂತುಹೋಗುತ್ತಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಎಂಡ್ ಟಾಸ್ಕ್ ಕೊಟ್ಟರೆ ವಿಂಡೋ ಮರೆಯಾಗುತ್ತದೆಯೇ ಹೊರತು ಅಲ್ಲಿನ ಡೀಟೇಲ್ಸ್ ಪಟ್ಟಿಯಲ್ಲಿ ಹೆಸರು ಹಾಗೆಯೇ ಉಳಿದಿರುತ್ತದೆ. ಅದೇ ಫೈಲನ್ನು ಮತ್ತೆ ತೆರೆಯಲು ಹೋದರೆ ಬಳಕೆಯಲ್ಲಿದೆ ಎಂದು ಹೇಳುತ್ತದೆ. ವಿಂಡೋಸ್ 10, 4 ಜಿಬಿ ರ‍್ಯಾಮ್, 2016ರಲ್ಲಿ ಕೊಂಡ ಹಾರ್ಡ್ ಡಿಸ್ಕ್. ಶ್ರಾವಣದ ಪತ್ರಿಕೆಗಳ ಕೆಲಸ ಈಗಾಗಲೇ ಬರತೊಡಗಿದೆ. ಇದನ್ನು ಅನುಭವಿಸಿದವರು ಏನು ಮಾಡಿದಿರಿ?

ನಿವೃತ್ತ ಅಧ್ಯಾಪಕ, ಸರಸ್ವತಿಪುರಂ, ಮೈಸೂರು

ನನಗಾದದ್ದನ್ನು ಪೂರ್ತಿಯಾಗಿ ಹೇಳುತ್ತೇನೆ, ಏಕೆಂದರೆ ಆ ನೋವು ಇನ್ನೂ ಮಾಸಿಲ್ಲ. ಪಾಂಡವಪುರದ ಕಡೆಯವರಾದ ನಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಮೂರು ವರ್ಷ ಕೂತು ಟೈಪು ಮಾಡಿದ್ದೆ. ಒಟ್ಟು 212 ಪದಗಳಾಗಿದ್ದವು. ಕಂಪ್ಯೂಟರು ಹೀಗೆಯೇ ನಿಲ್ಲುತ್ತಿತ್ತು, ಎಂಡ್ ಟಾಸ್ಕಿಗೂ ಬಗ್ಗುತ್ತಿರಲಿಲ್ಲ. ನಾನು ಪ್ರತಿ ಬಾರಿಯೂ ಪವರ್ ಬಟನ್ನನ್ನು ಒತ್ತಿ ಹಿಡಿದು ಆರಿಸುತ್ತಿದ್ದೆ. ಒಂದು ದಿನ ಸೇವ್ ಮಾಡುತ್ತಿರುವಾಗಲೇ ನಿಂತಿತು, ನಾನು ಆರಿಸಿದೆ. ಮರುದಿನ ನೋಡಿದರೆ ಫೈಲಿನ ಗಾತ್ರ ಸೊನ್ನೆಯಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಉಳಿಸಿಕೊಳ್ಳುವ ಪ್ರತಿಯೂ ಅದೇ ಡಿಸ್ಕಿನಲ್ಲಿತ್ತು, ಅದೂ ತೆರೆಯಲಿಲ್ಲ. ಪೆನ್ ಡ್ರೈವಿನಲ್ಲಿದ್ದದ್ದು ಯುಗಾದಿಯ ಹೊತ್ತಿನ ಪ್ರತಿ. ಹೀಗಾಗಿ 61 ಪದಗಳು ಹೋದವು. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಕೇಳಿ ಬರೆದುಕೊಳ್ಳಲು ಯಾರೂ ಇರಲಿಲ್ಲ.

ಕಾರಣ ತಿಳಿದದ್ದು ಆಮೇಲೆ. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಸಿ5 ಎಂಬ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ, ಡಿಸ್ಕಿನ ಸಣ್ಣ ತುಣುಕುಗಳಾದ ಸೆಕ್ಟರ್‌ಗಳ ಎಣಿಕೆ, 48 ಎಂದು ತೋರಿಸುತ್ತಿತ್ತು. ವಿಂಡೋಸ್ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಹೆಸರಿನಡಿ 7ನೇ ಸಂಖ್ಯೆಯ ದೋಷ ಸಾಲುಗಟ್ಟಿ ದಾಖಲಾಗಿತ್ತು. ಪ್ರೋಗ್ರಾಂ ಡಿಸ್ಕಿನಿಂದ ಓದಲು ಕೇಳಿಕೊಂಡು ಉತ್ತರಕ್ಕೆ ಕಾಯುತ್ತಿರುವಾಗ ನಾವು ಎಷ್ಟೇ ಎಂಡ್ ಟಾಸ್ಕ್ ಕೊಟ್ಟರೂ, ಆ ಓದು ಮುಗಿಯುವವರೆಗೆ ಇಲ್ಲವೇ ರದ್ದಾಗುವವರೆಗೆ ವ್ಯವಸ್ಥೆಯ ತಿರುಳಾದ ಕರ್ನಲ್ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾರದು. ಪಟ್ಟಿಯಲ್ಲಿ ಹೆಸರು ಉಳಿಯುವುದು ಅದಕ್ಕೇ.

ಇನ್ನೊಂದು ಮಾತು. ರಿಪೇರಿ ಅಂಗಡಿಯವರು ಮೊದಲು ನಕಲು ತೆಗೆಯದೆ ನೇರವಾಗಿ ಡಿಸ್ಕನ್ನು ತಪಾಸಿಸಿ ಸರಿಪಡಿಸುವ ಚೆಕ್‌ಡಿಸ್ಕ್ ಹಾಕಿದರು. ಒಂಬತ್ತು ಗಂಟೆ ಓಡಿ, ಮರುದಿನ ಡಿಸ್ಕ್ ಏಳಲೇ ಇಲ್ಲ. ಮರಳಿ ಪಡೆಯುವ ಪ್ರಯತ್ನಕ್ಕೆ 6,500 ರೂಪಾಯಿ, ಹೊಸ ಎಸ್‌ಎಸ್‌ಡಿಗೆ 2,900, ಅಳವಡಿಕೆಗೆ 400. ಹಣದ ಬಗ್ಗೆ ನನಗೆ ಕೊರಗಿಲ್ಲ.

ಪ್ರಿಂಟಿಂಗ್ ಕೆಲಸದವನು, ಅಗ್ರಹಾರ, ಮೈಸೂರು

ಎಲ್ಲರೂ ಡಿಸ್ಕನ್ನೇ ದೂರುತ್ತಾರೆ. ನಾನೂ ಇಂಥ ಮಾತುಗಳನ್ನು ನಂಬಿ ಹಣ ಕಳೆದುಕೊಂಡವನು. ಮೊದಲು ರ‍್ಯಾಮ್ ಸಾಲದು ಎಂದರು, 1,800 ಕೊಟ್ಟೆ. ನಂತರ ಫಾರ್ಮ್ಯಾಟ್ ಮಾಡಬೇಕೆಂದರು, 600. ನುಡಿ ತಂತ್ರಾಂಶ ಮತ್ತು ಹಳೆಯ ಫಾಂಟುಗಳನ್ನೆಲ್ಲ ಮತ್ತೆ ಹಾಕಿಸಲು 300. ಮೂರು ದಿನ ಅಂಗಡಿ ಮುಚ್ಚಿದ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ. ಇಷ್ಟೆಲ್ಲ ಆದ ಮೇಲೂ ಪ್ರೋಗ್ರಾಂ ಸೋಮವಾರ ಬೆಳಿಗ್ಗೆ ಮತ್ತೆ ನಿಂತಿತು.

ಕೊನೆಗೆ ನಾನೇ ಕೂತು ಡೀಟೇಲ್ಸ್‌ನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನಲೈಸ್ ವೇಟ್ ಚೈನ್’ ತೆರೆದೆ. ನನ್ನ ಪ್ರೋಗ್ರಾಂ 32 ಬಿಟ್‌ನದು. ಅದು ಮುದ್ರಣದ ಸಹಾಯಕ ಪ್ರೋಗ್ರಾಂ ಒಂದಕ್ಕಾಗಿ ಕಾಯುತ್ತಿದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಡೀಫಾಲ್ಟ್ ಪ್ರಿಂಟರ್ ಒಳಕೋಣೆಯಲ್ಲಿ, ನೆಟ್‌ವರ್ಕ್ ಮೇಲಿತ್ತು. ಬೆಳಿಗ್ಗೆ ಅದನ್ನು ಯಾರೂ ಆನ್ ಮಾಡಿರುತ್ತಿರಲಿಲ್ಲ. ಕಾಗದದ ಅಳತೆ, ಅಂಚುಗಳನ್ನು ತಿಳಿಯಲು ಪುಟವಿನ್ಯಾಸದ ಪ್ರೋಗ್ರಾಂ ಪ್ರಿಂಟರನ್ನು ಕೇಳುತ್ತದೆ, ಉತ್ತರ ಬರದೆ ಕಾಯುತ್ತ ಕೂರುತ್ತದೆ. ಸರ್ವೀಸಸ್‌ನಲ್ಲಿ ಮುದ್ರಣದ ಕೆಲಸಗಳನ್ನು ಸಾಲಿನಲ್ಲಿಡುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಸ್ಟಂ32 ಒಳಗಿನ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್‌ನಲ್ಲಿದ್ದ ಫೈಲುಗಳನ್ನು ಅಳಿಸಿ, ಸ್ಪೂಲರನ್ನು ಮತ್ತೆ ಚಾಲೂ ಮಾಡಿದೆ. ಡೀಫಾಲ್ಟ್ ಪ್ರಿಂಟರನ್ನು ಪಿಡಿಎಫ್‌ಗೆ ಬದಲಿಸಿದೆ. ಒಂದು ರೂಪಾಯಿ ಖರ್ಚಿಲ್ಲ. ಎಂಟು ತಿಂಗಳಾಯಿತು, ಒಮ್ಮೆಯೂ ನಿಂತಿಲ್ಲ.

ಲೆಕ್ಕಪತ್ರ ಬರೆಯುವವನು, ಮಂಡ್ಯ

ಇಬ್ಬರೂ ಮುಚ್ಚುವ ಬಗೆಯನ್ನೇ ಹೇಳುತ್ತಿದ್ದೀರಿ. ಬಲವಂತವಾಗಿ ಮುಚ್ಚಲೇಬಾರದು ಎಂಬುದು ನನ್ನ ಅನುಭವ. ಬೆಲ್ಲದ ಮಂಡಿಯ ಏಳು ವರ್ತಕರ ಲೆಕ್ಕ ಬರೆಯುತ್ತೇನೆ. ಒಂದು 20ನೇ ತಾರೀಖು, ಜಿಎಸ್‌ಟಿ ರಿಟರ್ನ್ ಕಳಿಸುವ ಕೊನೆಯ ದಿನ, ಲೆಕ್ಕದ ತಂತ್ರಾಂಶ ನಿಂತುಹೋಯಿತು. ಟಾಸ್ಕ್‌ಕಿಲ್ ಆದೇಶಕ್ಕೆ ಎಫ್ (ಬಲವಂತ) ಮತ್ತು ಟಿ (ಮರಿಗಳ ಸಮೇತ) ಎರಡನ್ನೂ ಸೇರಿಸಿ ಅದನ್ನೂ ಅದು ತೆರೆದ ಮರಿ ಪ್ರೋಗ್ರಾಂಗಳನ್ನೂ ಒಟ್ಟಿಗೆ ಕೊಂದೆ. ತಂತ್ರಾಂಶ ಆ ಕ್ಷಣದಲ್ಲಿ ದತ್ತಾಂಶದ ಫೈಲಿಗೆ ಬರೆಯುತ್ತಿತ್ತು, ಆ ಫೈಲು ಪಕ್ಕದ ಕಂಪ್ಯೂಟರಿನಲ್ಲಿ ಹಂಚಿಕೆಯಲ್ಲಿತ್ತು. ಎಲ್ಲ ವರ್ತಕರ ನಮೂದುಗಳೂ ಕೆಟ್ಟವು.

ಬಿಲ್ಲುಗಳ ಕಟ್ಟು ಬಿಚ್ಚಿ ಮತ್ತೆ ತುಂಬಲು 11 ದಿನ ಹಿಡಿಯಿತು. ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಂತೆ ಒಬ್ಬೊಬ್ಬರಿಗೆ 550, ಏಳು ಜನರಿಗೆ 3,850. ಅದನ್ನು ನಾನೇ ಕಟ್ಟಿದೆ. ಸಹಾಯಕ್ಕೆ ಕರೆದ ಹುಡುಗನಿಗೆ ದಿನಕ್ಕೆ 500ರಂತೆ 5,500. ಒಬ್ಬ ವರ್ತಕರು ಲೆಕ್ಕವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು, 14 ವರ್ಷದ ನಂಟು. ಮೂಲ ಕಾರಣವೆಂದರೆ ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಯಲ್ಲಿ ಸಡಿಲವಾಗಿದ್ದ ನೆಟ್‌ವರ್ಕ್ ಕೇಬಲ್. ಹದಿನೈದು ನಿಮಿಷ ಕಾದು ಕೇಬಲ್ ನೋಡಿದ್ದರೆ ಅದು ತಾನಾಗಿಯೇ ಎಚ್ಚರಗೊಳ್ಳುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ಲಿನಕ್ಸ್ ಬಳಸುವವನು, ಕುವೆಂಪುನಗರ, ಮೈಸೂರು

2021ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬದಲಾದ ಮೇಲೆ ನನಗೆ ಈ ತೊಂದರೆಯೇ ಇಲ್ಲ. ಮೊದಲು 15ನೇ ಸಂಕೇತ ಕಳಿಸಿ ಪ್ರೋಗ್ರಾಮಿಗೆ ಅಚ್ಚುಕಟ್ಟಾಗಿ ಮುಗಿಸಲು ಅವಕಾಶ ಕೊಡುತ್ತೇನೆ. ಕೇಳದಿದ್ದರೆ ಬಲವಂತವಾಗಿ ಮುಗಿಸುವ 9ನೇ ಸಂಕೇತ. ಅದನ್ನು ಯಾವ ಪ್ರೋಗ್ರಾಮೂ ತಡೆಹಿಡಿಯಲಾರದು. ತಂತ್ರಾಂಶಕ್ಕೆ ಹಣ ಕೊಟ್ಟಿಲ್ಲ, ಕಂಪ್ಯೂಟರು 2013ರದ್ದು.

ಲೆಕ್ಕಪತ್ರ ಬರೆಯುವವನು, ಮಂಡ್ಯ

ನನ್ನ ವರ್ತಕರ ಲೆಕ್ಕ ನಿಮ್ಮ ಲಿನಕ್ಸ್‌ನಲ್ಲಿ ತೆರೆಯುವುದೇ ಇಲ್ಲ. ಪ್ರಶ್ನೆ ಕೇಳಿದವರು ನುಡಿಯ ಹಳೆಯ ಫಾಂಟುಗಳಲ್ಲಿ ಹತ್ತು ವರ್ಷದ ಪತ್ರಿಕೆಗಳನ್ನು ಇಟ್ಟುಕೊಂಡಿರುತ್ತಾರೆ. ಅವರಿಗೆ ವ್ಯವಸ್ಥೆಯನ್ನೇ ಬದಲಿಸಿ ಎನ್ನುವುದು ಉತ್ತರವಲ್ಲ. ಹೊಟ್ಟೆಪಾಡಿನ ಕೆಲಸವೇ ಬೇರೆ, ಮನೆಯಲ್ಲಿ ಕೂತು ಪ್ರಯೋಗ ಮಾಡುವುದೇ ಬೇರೆ.

ಲಿನಕ್ಸ್ ಬಳಸುವವನು, ಕುವೆಂಪುನಗರ, ಮೈಸೂರು

ನಾನೂ ಇದರಿಂದಲೇ ಬದುಕುತ್ತೇನೆ, ಪ್ರಯೋಗ ಮಾಡುತ್ತ ಕೂತವನಲ್ಲ. ಕೇಬಲ್ ನೋಡದೆ ಟಾಸ್ಕ್‌ಕಿಲ್ ಹಾಕಿದವರು ತಾವು. ಬ್ಯಾಕಪ್ ಇಲ್ಲದೆ ಏಳು ಜನರ ಲೆಕ್ಕ ಇಟ್ಟುಕೊಂಡದ್ದು ಯಾವ ವ್ಯವಸ್ಥೆಯ ತಪ್ಪು?

ನಿವೃತ್ತ ಅಧ್ಯಾಪಕ, ಸರಸ್ವತಿಪುರಂ, ಮೈಸೂರು

ನೊಂದವರನ್ನು ಹಾಗೆ ಚುಚ್ಚಬಾರದು. ಅಲ್ಲದೆ ತಾವು ಹೇಳಿದ್ದು ಪೂರ್ತಿ ನಿಜವೂ ಅಲ್ಲ. ಲಿನಕ್ಸ್‌ನಲ್ಲಿಯೂ ಡಿ ಎಂಬ ಸ್ಥಿತಿಯಿದೆ. ಡಿಸ್ಕಿಗಾಗಿ ಕಾಯುತ್ತ ಆ ಸ್ಥಿತಿಯಲ್ಲಿ ಸಿಕ್ಕಿಕೊಂಡ ಪ್ರಕ್ರಿಯೆ 9ನೇ ಸಂಕೇತಕ್ಕೂ ಅಲುಗುವುದಿಲ್ಲ. ನನ್ನ ಡಿಸ್ಕನ್ನು ಕೊನೆಗೆ ನೋಡಿದವರು ಲಿನಕ್ಸ್‌ಗೇ ಜೋಡಿಸಿದ್ದರು, ಅಲ್ಲಿಯೂ ಹಾಗೆಯೇ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶಾಲಾ ಕಚೇರಿಯ ಗುಮಾಸ್ತೆ, ಮಂಡ್ಯ ತಾಲ್ಲೂಕು

ತಮ್ಮೆಲ್ಲರ ವಾದದ ನಡುವೆ ಸಣ್ಣ ಸಂಗತಿ ಬಿಟ್ಟುಹೋಗಿದೆ. ನಮ್ಮ ಕಚೇರಿಯಲ್ಲಿ ಮಕ್ಕಳ ದಾಖಲಾತಿ ತುಂಬುವ ಪ್ರೋಗ್ರಾಂ ನಿಂತಾಗಲೆಲ್ಲ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುತ್ತಿದ್ದೆ, ತೊಂದರೆ ಹಾಗೆಯೇ ಮರಳುತ್ತಿತ್ತು. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿಗೆ ಬರೆದಿಡಲ್ಪಟ್ಟು, ಮರುದಿನ ಅದೇ ಮೇಲೇಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಪೂರ್ತಿ ಹೊಸದಾಗಿ ಏಳುತ್ತದೆ. ಇದನ್ನು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆ ವರ್ಷದಲ್ಲಿ ಎರಡು ಬಾರಿ ನಮೂದು ತಡವಾಯಿತೆಂದು ನನ್ನಿಂದ ಲಿಖಿತ ವಿವರಣೆ ಕೇಳಿದರು. ‘ಎಷ್ಟು ಸಲ ಆಫ್ ಮಾಡಿದೆಯಮ್ಮ’ ಎಂದು ನಕ್ಕವರೇ ಇದ್ದರು, ಕಾರಣ ಹೇಳಿದವರಿಲ್ಲ.

ಪ್ರಿಂಟಿಂಗ್ ಕೆಲಸದವನು, ಅಗ್ರಹಾರ, ಮೈಸೂರು

ಮೇಡಂ, ನಿಮ್ಮ ಮಾತು ಸರಿ. ಆದರೆ ಡಿಸ್ಕ್ ಕೆಟ್ಟಿದೆ ಎಂದು ಅಧ್ಯಾಪಕರು ಇಲ್ಲಿ ಬರೆದದ್ದನ್ನು ಓದಿ ಜನ ಮೂರು ಸಾವಿರ ಕೊಟ್ಟು ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ಸ್ಪೂಲರ್ ಬಳಿಗೆ ಬರುತ್ತಾರೆ. ವೇಟ್ ಚೈನ್ ನೋಡಲು ಅರ್ಧ ನಿಮಿಷ ಸಾಕು.

ನಿವೃತ್ತ ಅಧ್ಯಾಪಕ, ಸರಸ್ವತಿಪುರಂ, ಮೈಸೂರು

ಸಿ5 ನೋಡಲೂ ಅರ್ಧ ನಿಮಿಷವೇ ಸಾಕು. ಎಸ್‌ಎಸ್‌ಡಿ ಕೊಳ್ಳಿ ಎಂದು ನಾನೆಲ್ಲಿಯೂ ಹೇಳಿಲ್ಲ, ನಕಲು ತೆಗೆಯದೆ ಮುಟ್ಟಬೇಡಿ ಎಂಬುದೇ ನನ್ನ ಮಾತು. 1,800 ರೂಪಾಯಿಯ ರ‍್ಯಾಮ್ ವ್ಯರ್ಥವಾದ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಡಿಟಿಪಿ ಅಂಗಡಿ, ಗುತ್ತಲು ರಸ್ತೆ, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದ್ದನ್ನೆಲ್ಲ ನೋಡಿದೆ. ಸ್ಪೂಲರಿನಲ್ಲಿ ಮೂರು ಹಳೆಯ ಕೆಲಸಗಳು ಸಿಕ್ಕಿಕೊಂಡಿದ್ದವು. ಅಳಿಸಿದ ಮೇಲೆ ನಿಲ್ಲುವುದು ದಿನಕ್ಕೆ ಒಂದು ಬಾರಿಗೆ ಇಳಿದಿದೆ. ಆದರೆ ಸಿ5ರಲ್ಲಿ 24 ಎಂದಿದೆ, 7ನೇ ದೋಷ ಎರಡು ವಾರದಲ್ಲಿ 19 ಬಾರಿ ದಾಖಲಾಗಿದೆ. ಅಧ್ಯಾಪಕರ ಮಾತಿನಂತೆ ಚೆಕ್‌ಡಿಸ್ಕ್ ಮುಟ್ಟದೆ ಎಲ್ಲವನ್ನೂ ಹೊರ ಡಿಸ್ಕಿಗೆ ನಕಲಿಸಿದೆ. ಒಂದು ಫೋಲ್ಡರ್ ಮಾತ್ರ ಅರ್ಧದಲ್ಲಿ ನಿಲ್ಲುತ್ತಿದೆ. ಅದರಲ್ಲಿ ಶ್ರಾವಣದ ಮೊದಲ ವಾರದ ಎರಡು ಲಗ್ನಪತ್ರಿಕೆಗಳಿವೆ. ನಾಲ್ಕು ಬಾರಿ ಪ್ರಯತ್ನಿಸಿದೆ.

ಲಿನಕ್ಸ್ ಬಳಸುವವನು, ಕುವೆಂಪುನಗರ, ಮೈಸೂರು

ಐದನೆಯ ಬಾರಿ ಪ್ರಯತ್ನಿಸಬೇಡಿ. ಡಿ ಸ್ಥಿತಿಯ ವಿಷಯದಲ್ಲಿ ಅಧ್ಯಾಪಕರು ಹೇಳಿದ್ದೇ ಸರಿ, ನಾನು ಆತುರದಿಂದ ಬರೆದೆ. ಈಗ ವಿಂಡೋಸ್‌ನಿಂದ ಆ ಡಿಸ್ಕನ್ನು ತೆರೆಯುವುದೇ ಬೇಡ. ಕಂಪ್ಯೂಟರನ್ನು ಆರಿಸಿ, ಲಿನಕ್ಸ್ ತುಂಬಿದ ಪೆನ್ ಡ್ರೈವಿನಿಂದ ಎಬ್ಬಿಸಿ, ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ ಇಡೀ ಡಿಸ್ಕನ್ನು ಅದಕ್ಕಿಂತ ದೊಡ್ಡದಾದ ಖಾಲಿ ಡಿಸ್ಕಿಗೆ ಇಳಿಸಿಕೊಳ್ಳಿ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ತೆಗೆದುಕೊಂಡು, ತಿಣುಕುವ ಕಡೆಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲನ್ನು ಇನ್ನೊಂದು ಪೆನ್ ಡ್ರೈವಿನಲ್ಲಿ ಇಡಿ. ಮೂಲ ಮತ್ತು ಗುರಿ ಡಿಸ್ಕುಗಳ ಹೆಸರನ್ನು ಎರಡು ಬಾರಿ ಓದಿ ನೋಡಿ, ಅದಲುಬದಲಾದರೆ ಖಾಲಿ ಡಿಸ್ಕೇ ನಿಮ್ಮ ಕೆಲಸದ ಮೇಲೆ ಬರೆಯಲ್ಪಡುತ್ತದೆ.

ಲೆಕ್ಕಪತ್ರ ಬರೆಯುವವನು, ಮಂಡ್ಯ

ಇವರು ಈಗ ಹೇಳಿದ್ದನ್ನು ಮಾಡಿ. ಅಷ್ಟರೊಳಗೆ ಆ ಎರಡು ಮನೆಯವರಿಗೆ ಫೋನ್ ಮಾಡಿ ಹಸ್ತಪ್ರತಿ ಇನ್ನೂ ಅವರ ಬಳಿ ಇದೆಯೇ ಎಂದು ಕೇಳಿಟ್ಟುಕೊಳ್ಳಿ. ನಾನು ನನ್ನ ವರ್ತಕರಿಗೆ ವಿಷಯ ತಿಳಿಸಿದ್ದು ಆರನೆಯ ದಿನ.