ಥಾಯ್ಲೆಂಡ್‌ನಲ್ಲಿ ಇಂಗ್ಲಿಷ್ ಟೀಚರ್ ಆಗಬೇಕು, ಏಜೆಂಟ್ ಮಾತು ನಂಬಬಹುದಾ?

ಪ್ರಶ್ನೆ (ಡೊಂಬಿವಲಿ): ಅಕ್ಕ, ನಮಸ್ಕಾರ. ನನಗೆ 23 ವರ್ಷ. ಇಂಗ್ಲಿಷ್ ಬಿಎ ಆಗಿದೆ. ಈಗ ಠಾಣೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೇನೆ. ಬ್ಯಾಂಕಾಕ್ ಹತ್ತಿರದ ಶಾಲೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಒಬ್ಬ ಏಜೆಂಟ್ ಹೇಳಿದ್ದಾನೆ. ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಸದ್ಯ ಟೂರಿಸ್ಟ್ ಆಗಿ ಹೋಗು, ವೀಸಾ ಆಮೇಲೆ ನೋಡೋಣ ಅಂತಾನೆ. ಹೋಗಬಹುದಾ? ನಾನು ಏಳನೇ ತರಗತಿವರೆಗೆ ಇಲ್ಲೇ ಕನ್ನಡ ಮೀಡಿಯಂನಲ್ಲಿ ಓದಿದವಳು. ನನ್ನ ಇಂಗ್ಲಿಷ್ ಅಲ್ಲಿ ನಡೆಯುತ್ತಾ? ನೀವು ಅಲ್ಲಿ ಪಾಠ ಮಾಡಿ ಬಂದವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ತಂಗಿ, ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡ. ಟೂರಿಸ್ಟ್ ಆಗಿ ಹೋದವರು ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ಸಿಕ್ಕಿಬಿದ್ದರೆ ದಂಡ ಕಟ್ಟುವುದು, ವಾಪಸ್ ಬರುವುದು ಎಲ್ಲ ಟೀಚರ್ ತಲೆಗೇ ಬರುತ್ತದೆ. ಸರಿಯಾದ ದಾರಿಯಲ್ಲಿ ಶಾಲೆಯೇ ಕೆಲಸದ ಪತ್ರ, ಕಾಗದಗಳನ್ನು ಕಳಿಸುತ್ತದೆ. ಅವನ್ನು ಕೊಟ್ಟು ನಾನ್-ಇಮಿಗ್ರಂಟ್ ಬಿ ಎಂಬ ಕೆಲಸದ ವೀಸಾಗೆ ಅರ್ಜಿ ಹಾಕಬೇಕು. ಹೋದ ಮೇಲೆ ವರ್ಕ್ ಪರ್ಮಿಟ್ ಆಗಬೇಕು. ಅಲ್ಲಿರುವಷ್ಟು ಕಾಲ 90 ದಿನಕ್ಕೊಮ್ಮೆ ಇಮಿಗ್ರೇಶನ್‌ಗೆ ವಿಳಾಸ ತಿಳಿಸುತ್ತಿರಬೇಕು.

ಇನ್ನು ನಮ್ಮ ದೇಶದ ಕಾನೂನು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್‌ಗೆ 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ನಿನ್ನಿಂದ ಅವನು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನ ಲೈಸೆನ್ಸ್ ಇರುವ ಏಜೆಂಟರ ಪಟ್ಟಿಯಲ್ಲಿ ಅವನ ಹೆಸರು ಇದೆಯಾ ಎಂದು ಇವತ್ತೇ ನೋಡು. ನಾನು ಸುಮ್ನೆ ಹೆದರಿಸುತ್ತಿಲ್ಲ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ, ಮ್ಯಾನ್ಮಾರ್‌ನಲ್ಲಿ ಆನ್‌ಲೈನ್ ಮೋಸದ ಕೆಲಸಕ್ಕೆ ನಮ್ಮ ಹುಡುಗರನ್ನು ಕೂರಿಸಿದ್ದರು. 2022ರಲ್ಲಿ ವಿದೇಶಾಂಗ ಸಚಿವಾಲಯವೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ನಿನ್ನ ಇಂಗ್ಲಿಷ್ ವಿಷಯ. ಕೆಲವು ದೇಶಗಳು ಇಂಗ್ಲಿಷ್ ನೋಡುವ ಮೊದಲು ಪಾಸ್‌ಪೋರ್ಟ್ ನೋಡುತ್ತವೆ. ದಕ್ಷಿಣ ಕೊರಿಯಾದಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರಿಗೇ ಸಿಗುವುದು. ಥಾಯ್ಲೆಂಡ್‌ನಲ್ಲಿ ನಮಗೂ ಜಾಗ ಇದೆ. ಡಿಗ್ರಿ, ಪೊಲೀಸ್ ಕ್ಲಿಯರೆನ್ಸ್, ಐಇಎಲ್‌ಟಿಎಸ್ ಅಥವಾ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಇಟ್ಟುಕೊ. ಆದರೆ ಅದೇ ಕ್ಲಾಸು, ಅದೇ ಪುಸ್ತಕ ಇದ್ದರೂ ಬಿಳಿಯ ಟೀಚರ್‌ಗೆ ಒಂದು ಸಂಬಳ, ನಮಗೂ ಫಿಲಿಪೀನ್ಸ್‌ನವರಿಗೂ ಅದಕ್ಕಿಂತ ಕಡಿಮೆ ಕೊಡುವ ಶಾಲೆಗಳು ಬೇಕಾದಷ್ಟಿವೆ. ಇದು ಅನ್ಯಾಯ. ಸಂಬಳ ಕೇಳುವಾಗ ಸಂಕೋಚಪಡಬೇಡ.

ಕನ್ನಡ ಮೀಡಿಯಂ ಬಗ್ಗೆ ನಾಚಿಕೆ ಯಾಕೆ? ಥಾಯ್ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ. ಬಹುವಚನಕ್ಕೆ ಕೊನೆಯಲ್ಲಿ ಏನೂ ಸೇರಿಸುವುದಿಲ್ಲ. ಅದಕ್ಕೇ ಆ ಮಕ್ಕಳು 'ಯೆಸ್ಟರ್‌ಡೇ ಐ ಗೋ' ಅನ್ನುತ್ತಾರೆ. ಹುಟ್ಟಿನಿಂದ ಇಂಗ್ಲಿಷ್ ಮಾತಾಡಿದವರಿಗೆ ಇದು ಯಾಕೆ ಕಷ್ಟ ಎಂದು ಅರ್ಥ ಆಗುವುದೇ ಇಲ್ಲ. ನೀನು ಒಂದೊಂದು ನಿಯಮವನ್ನೂ ಕಲಿತು ದಾಟಿದವಳು. ಮಗು ಎಲ್ಲಿ ತಡವರಿಸುತ್ತದೆ ಎಂದು ನಿನಗೆ ಬೇಗ ಕಾಣುತ್ತದೆ. ಸಂದರ್ಶನದಲ್ಲಿ ಇದನ್ನೇ ಹೇಳು.

ಶಾಲೆಯ ದಿನ ಬೆಳಿಗ್ಗೆ 8ಕ್ಕೆ ಧ್ವಜದ ಮುಂದೆ ಶುರುವಾಗುತ್ತದೆ. ಸೋಮವಾರ ಬಹಳ ಶಾಲೆಗಳಲ್ಲಿ ಟೀಚರ್‌ಗಳು ಹಳದಿ ಬಟ್ಟೆ ಹಾಕುತ್ತಾರೆ, ಅದು ರಾಜರು ಹುಟ್ಟಿದ ವಾರದ ಬಣ್ಣ. ಸರ್ಕಾರಿ ಶಾಲೆಯಾದರೆ ಒಂದು ಕ್ಲಾಸಿನಲ್ಲಿ 40ಕ್ಕೂ ಜಾಸ್ತಿ ಮಕ್ಕಳು ಇರಬಹುದು. ಅವರ ಪೂರ್ತಿ ಹೆಸರು ಉದ್ದ, ಆದರೆ ಎಲ್ಲರಿಗೂ ಒಂದು ಚಿಕ್ಕ ಹೆಸರು ಇರುತ್ತದೆ. ಮೊದಲ ವಾರವೇ ಅದನ್ನು ಬರೆದುಕೊ, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ಜೂನ್‌ನಲ್ಲಿ ಗುರುಗಳಿಗೆ ಹೂವು ಕೊಟ್ಟು ನಮಸ್ಕರಿಸುವ ವಾಯ್ ಕ್ರೂ ಇರುತ್ತದೆ. ಆ ಮಕ್ಕಳು ಮೊಣಕಾಲೂರಿ ಮುಂದೆ ಬಂದಾಗ ಸಂಬಳದ ಸಿಟ್ಟೆಲ್ಲ ಮರೆತುಹೋಗುತ್ತದೆ ತಂಗಿ.

ಪ್ರಶ್ನೆ (ಮುಲುಂಡ್): ಟೀಚರ್, ನನ್ನ ಮಗಳಿಗೂ ಇದೇ ಹುಚ್ಚು. ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುತ್ತಾಳೆ? ಒಬ್ಬಳೇ ಹೇಗಿರುತ್ತಾಳೆ?

ಉತ್ತರ: ಅಮ್ಮ, ಊಟ ನಿಜವಾಗಿಯೂ ತೊಂದರೆಯೇ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. 'ಜೇ' ಎಂದು ಕೇಳಿದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ್ದು ಸಿಗುತ್ತದೆ. ಬೆಳ್ಳುಳ್ಳಿ, ಈರುಳ್ಳಿಯೂ ಇರುವುದಿಲ್ಲ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಬರೆದಿರುವ ಅಂಗಡಿ ನೋಡಲಿ. ಬ್ಯಾಂಕಾಕ್‌ನಲ್ಲಿ ಭಾರತೀಯರ ಅಂಗಡಿಗಳಿರುವ ಪಾಹುರಾತ್ ಬೀದಿಯಲ್ಲಿ ನಮ್ಮ ಬೇಳೆ, ಮಸಾಲೆ ಎಲ್ಲ ಸಿಗುತ್ತದೆ. ಅದೇ ಊರಿನ ಸಿಲೋಮ್ ಬಡಾವಣೆಯಲ್ಲಿ ಮಾರಿಯಮ್ಮನ ಗುಡಿ ಇದೆ. ಸಣ್ಣ ಊರಿಗೆ ಹೋದರೆ ಕುಕ್ಕರ್ ಜೊತೆಗಿರಲಿ.

ಒಂಟಿತನ ಹೆಚ್ಚು ಕಾಡುವುದು ಸ್ಟಾಫ್ ರೂಮಿನಲ್ಲಿ. ಎಲ್ಲರೂ ಥಾಯ್‌ನಲ್ಲಿ ನಗುತ್ತಿರುತ್ತಾರೆ, ನಮಗೆ ಏನೂ ತಿಳಿಯುವುದಿಲ್ಲ. ಅವರು ಒಳ್ಳೆಯವರೇ, ನಮ್ಮ ಜೊತೆ ಇಂಗ್ಲಿಷ್ ಮಾತಾಡಲು ಹೆದರುತ್ತಾರೆ ಅಷ್ಟೆ. ಅದಕ್ಕೆ ಮಗಳು ಇಲ್ಲಿಂದಲೇ ಥಾಯ್ ಲಿಪಿ ಕಲಿತು ಹೋಗಲಿ. ಅದೂ ಬ್ರಾಹ್ಮಿಯಿಂದ ಬಂದ ಲಿಪಿ. ವರ್ಗದ ಕ್ರಮ ನಮ್ಮ ಕ ಖ ಗ ಘದ ಹಾದಿಯಲ್ಲೇ ಇದೆ, ಸ್ವರಚಿಹ್ನೆಗಳು ವ್ಯಂಜನದ ಸುತ್ತ ಕೂರುತ್ತವೆ. ಕನ್ನಡ ಬಲ್ಲವರಿಗೆ ಬೇಗ ಹಿಡಿಯುತ್ತದೆ. ಬಸ್ಸಿನ ಬೋರ್ಡ್ ಓದಲು ಬಂದ ದಿನದಿಂದ ಧೈರ್ಯವೇ ಬೇರೆ. ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ರಾತ್ರಿ ಊಟದ ಹೊತ್ತಿಗೆ ನೀವೇ ಫೋನ್ ಮಾಡಬಹುದು.

ಪ್ರಶ್ನೆ (ಪುಣೆ): ನನಗೆ ಬಿಎಡ್ ಇಲ್ಲ. ಕರಾರಿನಲ್ಲಿ ಏನೇನು ನೋಡಬೇಕು ಮೇಡಂ?

ಉತ್ತರ: ಶಾಲೆಯಲ್ಲಿ ಕಲಿಸಲು ಕುರುಸಪಾ ಎಂಬ ಶಿಕ್ಷಕರ ಮಂಡಳಿಯ ಲೈಸೆನ್ಸ್ ಬೇಕು. ಬಿಎಡ್ ಇಲ್ಲದವರಿಗೆ ಶಾಲೆ ತಾತ್ಕಾಲಿಕ ಅನುಮತಿ ಕೇಳಿಕೊಳ್ಳುತ್ತದೆ. ಅದನ್ನು ಯಾರು ಮಾಡಿಸುತ್ತಾರೆ, ಖರ್ಚು ಯಾರದು ಎಂದು ಬರೆಸಿಕೊಳ್ಳಿ. ಕರಾರಿನಲ್ಲಿ 2568 ಎಂದಿದ್ದರೆ ಗಾಬರಿ ಬೇಡ, ಅದು ಬುದ್ಧ ಶಕೆ. 543 ಕಳೆದರೆ 2025. ಶಾಲೆ ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ. ಹತ್ತು ತಿಂಗಳ ಕರಾರು ಮಾಡಿಸಿ ಏಪ್ರಿಲ್ ಸಂಬಳ ಕೊಡದ ಶಾಲೆಗಳಿವೆ. ರಜೆಗೂ ಸಂಬಳ ಇದೆಯಾ ಎಂದು ಸಹಿ ಹಾಕುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ತೆಗೆದಿಟ್ಟುಕೊಳ್ಳಿ.